ಸಾವಿರದ ಆರುನೂರೋ, ಎರಡು ಸಾವಿರವೋ

ಡ್ರೈವಿಂಗ್ ಕಲಿಯಲು ಬರುವವರು ಅವರಿಗೆ ಹಾಫ್ ಕ್ಲಚ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಎದುರಿಗೆ ಬರೀ ಮೇಷ್ಟ್ರು, ಬೆನ್ನ ಹಿಂದೆ ಹಾಫ್ ಕ್ಲಚ್. ದಿನಕ್ಕೆ ಎಷ್ಟು ಸಲ ಆ ಮಾತು ಅವರ ಬಾಯಿಂದ ಬೀಳುತ್ತಿತ್ತೋ ಆ ದೇವರಿಗೇ ಗೊತ್ತು. ಕ್ಲಚ್ಚನ್ನು ಪೂರ್ತಿ ಬಿಡಬೇಡ, ಅರ್ಧ ಬಿಡು, ತಾಳು, ಈಗ ಆಕ್ಸಿಲರೇಟರ್ ಕೊಡು. ಇಷ್ಟು ಹೇಳುವಷ್ಟರಲ್ಲಿ ಹೊಸಬರು ಗಾಬರಿಯಾಗಿ ಕಾಲೆತ್ತಿ, ಗಾಡಿ ಒಮ್ಮೆ ಕೆಮ್ಮಿ, ರಸ್ತೆಯ ನಡುವೆ ಆಫ್ ಆಗಿ ನಿಲ್ಲುತ್ತಿತ್ತು. ಹಿಂದಿನವರು ಹಾರ್ನ್ ಬಾರಿಸಿ ವಂಶಾವಳಿಯೆಲ್ಲ ತೆಗೆಯುತ್ತಿದ್ದರು. ಮೇಷ್ಟ್ರು ಮಾತ್ರ ಒಂದು ದಿನವೂ ದನಿ ಏರಿಸಿದವರಲ್ಲ. ಪರವಾಗಿಲ್ಲ, ಮೊದಲಿನಿಂದ, ಎನ್ನುತ್ತಿದ್ದರು.

ಅವರ ಗಾಡಿ ಹಳೆಯದು, ಚಿಕ್ಕದು. ತಲೆಯ ಮೇಲೆ ಸ್ಕೂಲಿನ ಬೋರ್ಡು, ಹಿಂದೆ ಕೆಂಪು ಎಲ್ ಅಕ್ಷರ. ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ಆ ಸೀಟೇ ಮೇಷ್ಟ್ರ ಸಿಂಹಾಸನ. ಬೇರೆಯವರ ಕೈಯಲ್ಲಿ ಸ್ಟೀರಿಂಗು, ತಮ್ಮ ಕಾಲಲ್ಲಿ ಬ್ರೇಕು. ಅರ್ಧ ಆಯುಷ್ಯ ಹೀಗೆ ಇನ್ನೊಬ್ಬರ ಪಕ್ಕದಲ್ಲಿ ಕುಳಿತೇ ಕಳೆದಿತ್ತು. ಅಷ್ಟು ಜನರಿಗೆ ಗಾಡಿ ಕಲಿಸಿದ ಮನುಷ್ಯ ತಾನಾಗಿ ಗಾಡಿ ಓಡಿಸುತ್ತಿದ್ದುದು ಬೆಳಿಗ್ಗೆ ಪೆಟ್ರೋಲ್ ಹಾಕಿಸಲು ಬಂಕಿನವರೆಗೆ, ಸಂಜೆ ಗಾಡಿ ನಿಲ್ಲಿಸಲು ಶೆಡ್ಡಿನವರೆಗೆ, ಅಷ್ಟೇ.

ಶೆಡ್ಡಿನ ಪಕ್ಕದಲ್ಲಿ ಟೈರ್ ಅಂಗಡಿ, ಅದರ ಮೇಲೆ ಅವರ ರೂಮು. ಮಂಚ, ಒಂದೇ ಉರಿಯ ಸ್ಟೌವು, ಗೋಡೆಗೆ ಬಡಿದ ಹಲಗೆಯ ಮೇಲೆ ಲೋಟ ತಟ್ಟೆ. ಕುರ್ಚಿಯ ಮೇಲೆ ಒಗೆದ ಬಟ್ಟೆ, ಏಕೆಂದರೆ ಆ ಕುರ್ಚಿಯಲ್ಲಿ ಕೂರಲು ಯಾರೂ ಬರುತ್ತಿರಲಿಲ್ಲ. ಕೆಳಗೆ ಟೈರಿನವನು ಗಾಳಿ ತುಂಬುವ ಮೆಷಿನ್ ಆಫ್ ಮಾಡಿ ಶಟರ್ ಎಳೆದನೆಂದರೆ ಮೇಷ್ಟ್ರ ಪಾಲಿನ ಸದ್ದೆಲ್ಲ ಅಲ್ಲಿಗೆ ಮುಗಿಯಿತು. ಕೊನೆಯ ಶಿಷ್ಯನಿಗೆ ನಾಳೆ ಬಾ ಎಂದದ್ದೇ ಆ ದಿನದ ಕೊನೆಯ ಮಾತು. ಮಾರನೆಯ ಬೆಳಿಗ್ಗೆ ಬಾಯಿ ತೆರೆದರೆ ದನಿ ತಮ್ಮದಲ್ಲವೇನೋ ಎಂಬಂತೆ ಒರಟಾಗಿ ಬರುತ್ತಿತ್ತು. ಒಂಟಿತನ ಎಂದರೆ ಏನೋ ದೊಡ್ಡ ನೋವು ಎಂದುಕೊಂಡವರಿಗೆ ಇದು ತಿಳಿಯುವುದಿಲ್ಲ. ಗಂಟಲು ಕೆಮ್ಮಿ ಸರಿಮಾಡಿಕೊಂಡು ಹಲ್ಲುಜ್ಜುವುದು, ಬಹುಪಾಲು ಅಷ್ಟೇ ಇರುತ್ತದೆ.

ಹೆಂಡತಿ ಇದ್ದರು. ಜಗಳವಾಡಿ ಹೋದವರಲ್ಲ, ದಣಿದು ಹೋದವರು. ಮೇಷ್ಟ್ರು ಮನೆಯಲ್ಲೂ ಪಕ್ಕದ ಸೀಟಿನವರೇ. ಆಕೆ ಹಾಲು ಕಾಯಿಸುತ್ತಿದ್ದರೆ ಪಕ್ಕದಲ್ಲಿ ನಿಂತು, ಈಗ ಉರಿ ಸಣ್ಣ ಮಾಡು, ತಾಳು, ಈಗ ಇಳಿಸು ಎನ್ನುವರು. ಮಗಳಿಗೆ ಜಡೆ ಹೆಣೆಯುತ್ತಿದ್ದರೆ ಎಡಗಡೆ ಸಡಿಲವಾಯಿತು ಎನ್ನುವರು. ಬೈಗುಳವಿಲ್ಲ, ಸಿಟ್ಟಿಲ್ಲ, ಬರೀ ಎಚ್ಚರಿಕೆ. ಒಂದು ದಿನ ಆಕೆ ಪಾತ್ರೆಯನ್ನು ಕೆಳಗಿಟ್ಟು ಹೇಳಿದ್ದರು:

"ನನ್ನ ಪಕ್ಕದಲ್ಲಿ ಕೂತು ಬ್ರೇಕ್ ಒತ್ತೋದನ್ನ ನೀವು ಯಾವತ್ತು ನಿಲ್ಲಿಸ್ತೀರೋ, ಅವತ್ತು ನಾನು ಉಸಿರಾಡ್ತೀನಿ."

ಮೇಷ್ಟ್ರಿಗೆ ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಆಕೆ ಮಗಳನ್ನು ಕರೆದುಕೊಂಡು ಪೇಟೆಯ ಇನ್ನೊಂದು ತುದಿಗೆ ಹೋಗಿ ಬಹಳ ಕಾಲವಾಗಿತ್ತು. ಮಗಳು ಆಗ ಪ್ರೈಮರಿ ಸ್ಕೂಲು. ಮೊದಮೊದಲು ರಜೆಯ ದಿನ ಬರುತ್ತಿದ್ದಳು. ಆಮೇಲೆ ಪರೀಕ್ಷೆ ಎಂದಳು, ಆಮೇಲೆ ಕೆಲಸ ಎಂದಳು. ಅಪ್ಪನನ್ನು ನೀನು ಎನ್ನುತ್ತಿದ್ದವಳು ಯಾವಾಗಲೋ ನೀವು ಎನ್ನತೊಡಗಿದಳು. ಅದು ಗೌರವವಲ್ಲ, ದೂರ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ಆ ದೂರ ಅವರ ಕಣ್ಣಿಗೆ ನಿಜಕ್ಕೂ ಬಿದ್ದದ್ದು ಒಂದು ಸಿಗ್ನಲಿನಲ್ಲಿ. ತಮ್ಮ ಶಿಷ್ಯನೊಬ್ಬನಿಗೆ ನ್ಯೂಟ್ರಲ್ಲಿಗೆ ಹಾಕು ಎಂದು ಹೇಳುತ್ತ ತಲೆಯೆತ್ತಿದರೆ ಪಕ್ಕದ ಸಾಲಿನಲ್ಲಿ ಬೇರೆ ಡ್ರೈವಿಂಗ್ ಸ್ಕೂಲಿನ ಗಾಡಿ, ಸ್ಟೀರಿಂಗ್ ಹಿಡಿದು ಕುಳಿತವಳು ತಮ್ಮ ಮಗಳು. ಹಸಿರು ದೀಪ ಬಂತು. ಅವಳು ಕಾಲೆತ್ತಿದಳು, ಗಾಡಿ ಆಫ್ ಆಯಿತು. ಪಕ್ಕದಲ್ಲಿದ್ದ ಮೇಷ್ಟ್ರು ಎನಿಸಿಕೊಂಡವನು ಮೊಬೈಲ್ ನೋಡುತ್ತಿದ್ದ. ನಮ್ಮ ಮೇಷ್ಟ್ರು ಕಿಟಕಿಯ ಗಾಜು ಇಳಿಸಿ, ಅರ್ಧ ಬಿಡಮ್ಮ, ಎಂದು ಹೇಳಬಹುದಿತ್ತು. ಹೇಳಲಿಲ್ಲ. ಊರಿಗೆಲ್ಲ ಕಲಿಸಿದವನ ಮಗಳು ಇನ್ನೊಬ್ಬನ ಹತ್ತಿರ ಕಲಿಯುತ್ತಿದ್ದಾಳೆ ಎಂಬ ಮಾತೇ ಅಡ್ಡ ನಿಂತಿತ್ತು. ಅವಳು ನೋಡಿದಳೋ ಇಲ್ಲವೋ, ಅದನ್ನೂ ಅವರು ಯಾವತ್ತೂ ಕೇಳಲಿಲ್ಲ.

ಹಾಗಿದ್ದ ಅಪ್ಪ ಮಗಳ ನಡುವೆ ಮಾತು ಮತ್ತೆ ಶುರುವಾದದ್ದು ಒಂದು ಕಾರಿನಿಂದ. ಅದೂ ಇನ್ನೂ ಹುಟ್ಟದ ಕಾರಿನಿಂದ.

ಮೇಷ್ಟ್ರ ಅಕ್ಕ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ನೋಡಲು ಮೇಷ್ಟ್ರು ಹೋದರೆ ಅಲ್ಲಿ ಮಗಳೂ ಕುಳಿತಿದ್ದಳು, ಎಷ್ಟೋ ವರ್ಷದ ಮೇಲೆ. ಅಕ್ಕ ಮಾತ್ರೆ ನುಂಗಿ ನಿದ್ದೆಗೆ ಜಾರಿದರು. ಉಳಿದವರು ಇಬ್ಬರು, ಮಧ್ಯೆ ಒಂದು ಸಣ್ಣ ಮೇಜು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ನೀವು, ನಾನೂ. ಅಲ್ಲಿಗೆ ಸರಕು ಖಾಲಿ. ಫ್ಯಾನ್ ತಿರುಗುತ್ತಿತ್ತು. ಮೇಷ್ಟ್ರು ಕೈಗೆ ಸಿಕ್ಕ ಪೇಪರ್ ತೆಗೆದರು. ಅದರಲ್ಲಿ ಬಟ್ಟೆ ಹೊದಿಸಿದ ಒಂದು ಕಾರಿನ ಚಿತ್ರ. ಎರಡೇ ಬಾಗಿಲು, ಎರಡೇ ಸೀಟು, ಸಾಮಾನ್ಯ ಜನರ ಕೈಗೆಟಕುವ ಸ್ಪೋರ್ಟ್ಸ್ ಕಾರು ಬರುತ್ತಿದೆ ಎಂದು ಬರೆದಿತ್ತು. ಎಂಜಿನ್ ಎಷ್ಟು ದೊಡ್ಡದು, ಪವರ್ ಎಷ್ಟು ಎಂಬುದನ್ನು ಕಂಪನಿ ಗುಟ್ಟಾಗಿಟ್ಟಿತ್ತು.

ಮೌನಕ್ಕೆ ಹೆದರಿ ಮೇಷ್ಟ್ರು ತಮ್ಮಷ್ಟಕ್ಕೆ ಎಂಬಂತೆ, ಸಾವಿರದ ಆರುನೂರು ಸಿಸಿ ಇಡಬಹುದು, ನೂರ ನಲವತ್ತು ಕುದುರೆಯ ಶಕ್ತಿ ಬಂದರೆ ಹೆಚ್ಚು, ಎಂದರು.

ಮಗಳು ಚಿತ್ರದ ಕಡೆ ನೋಡಿದಳು. "ಇಲ್ಲಪ್ಪ, ಎರಡು ಸಾವಿರ ಇರುತ್ತೆ," ಎಂದಳು.

ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಎರಡು ಸಾವಿರವೇ? ಅಷ್ಟು ದೊಡ್ಡ ಎಂಜಿನ್ ಹಾಕಿದರೆ ಬೆಲೆ ಆಕಾಶಕ್ಕೆ ಹೋಗುತ್ತದೆ, ತೂಕ ಏರುತ್ತದೆ, ಆಮೇಲೆ ಅದು ಬಡವರ ಸ್ಪೋರ್ಟ್ಸ್ ಕಾರು ಹೇಗಾಯಿತು? ಅವಳೂ ಬಿಡಲಿಲ್ಲ. ಸ್ಪೋರ್ಟ್ಸ್ ಅಂದಮೇಲೆ ಇನ್ನೂರು ಕುದುರೆಯಾದರೂ ಬೇಡವೇ ಎಂದಳು. ಕತ್ತಲಾಗುವ ತನಕ ಮಾತಿಗೆ ಮಾತು ಬೆಳೆಯಿತು. ಹೊರಡುವಾಗ ಅವಳು, ಏನಾದರೂ ಗೊತ್ತಾದರೆ ಫೋನ್ ಮಾಡ್ತೀನಿ, ಎಂದಳು. ಮುಂದಿನ ಭಾನುವಾರ ಮಾಡಿಯೇ ಮಾಡಿದಳು.

ಅಂದಿನಿಂದ ಭಾನುವಾರ ಎಂದರೆ ಮೇಷ್ಟ್ರಿಗೆ ಆ ಕಾರು. ಟರ್ಬೊ ಹಾಕುತ್ತಾರಂತೆ ಎಂದು ಅವಳು ಗಾಳಿಸುದ್ದಿ ತಂದರೆ, ಟರ್ಬೊ ಇದ್ದರೆ ಸಣ್ಣ ಎಂಜಿನ್ನೂ ಸಾಕು, ನನ್ನ ಮಾತೇ ಗೆದ್ದಿತು ಎಂದು ಇವರು. ಮೂರೇ ಸಿಲಿಂಡರ್ ಅಂತೆ ಎಂದರೆ, ಛೇ, ಹೊಲಿಗೆ ಮೆಷಿನ್ ಮಾಡ್ತಾರಾ, ಎಂದು ಮೂಗು ಮುರಿಯುವರು. ಸಿಸಿ ಎಂದರೆ ಪಾತ್ರೆಯ ಅಳತೆ, ಪವರ್ ಎಂದರೆ ಒಲೆಯ ಉರಿ, ಪಾತ್ರೆ ದೊಡ್ಡದಾದ ಮಾತ್ರಕ್ಕೆ ಅಡುಗೆ ಬೇಗ ಆಗುವುದಿಲ್ಲ ಎಂದು ಅವರು ಎಷ್ಟು ಸಲ ವಿವರಿಸಿದರೂ ಅವಳು ತನ್ನ ಎರಡು ಸಾವಿರವನ್ನು ಬಿಡಲೊಲ್ಲಳು. ಹಟದಲ್ಲಿ ನನ್ನ ಮಗಳೇ ಸರಿ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಅಕ್ಕರೆಯಿಂದ ಬೆಳೆಸಲಾಗದ ಮಗಳಿಗೆ ತಮ್ಮದೊಂದು ಹುಚ್ಚಾದರೂ ಅಂಟಿದೆಯಲ್ಲ ಎಂಬ ಸಮಾಧಾನ.

ಕಂಪನಿಯವರು ಕಾರಿನ ಬಿಡುಗಡೆಯನ್ನು ಮುಂದೂಡಿದರು. ಜನ ಬೈದರು, ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷ. ಇನ್ನೊಮ್ಮೆ ಮುಂದೂಡಿದರು. ಆ ದಿನ ಮೇಷ್ಟ್ರು ಬಸ್ ಸ್ಟಾಪಿನ ಕಂಬಕ್ಕೆ ಬಂಪರ್ ತಾಗಿಸಿದ ಶಿಷ್ಯೆಗೂ ಭೇಷ್ ಎಂದರಂತೆ. ಹೀಗೆ ಎರಡು ವರ್ಷ ಹೋಯಿತು. ಆ ಕಾರು ಎಂದೂ ಬರದೆ, ಬರುತ್ತದೆ ಬರುತ್ತದೆ ಎಂದೇ ಇರಲಿ ಎಂದು ಬೇಡಿಕೊಂಡ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ ಇದ್ದಿರಬೇಕು.

ಆದರೆ ಕಾರು ತಯಾರಿಸುವವರಿಗೆ ಇದೆಲ್ಲ ಯಾಕೆ ಬೇಕು? ಬಿಡುಗಡೆಯ ದಿನ ಗೊತ್ತಾಯಿತು. ಎಂಜಿನ್ನಿನ ಗುಟ್ಟನ್ನೂ ಅಂದೇ ಹೇಳುತ್ತಾರಂತೆ. ಟೈರಿನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತ, ಸದ್ಯ ಬಂತಲ್ಲ ಮೇಷ್ಟ್ರೇ, ಇನ್ನು ಮೇಲೆ ಭಾನುವಾರ ಏನು ಮಾತಾಡ್ತೀರಿ, ಎಂದು ನಕ್ಕ. ಅವನು ತಮಾಷೆಗೆ ಅಂದದ್ದು. ಮೇಷ್ಟ್ರು ನಗದೆ ಮೆಟ್ಟಿಲು ಹತ್ತಿ ರೂಮಿಗೆ ಹೋದರು.

ಬೇರೆ ಏನಾದರೂ ಕೇಳಬೇಕು ಎಂದುಕೊಂಡರು. ಮಂಚದ ಮೇಲೆ ಕುಳಿತು, ಏನು ಕೇಳಲಿ ಎಂದು ಯೋಚಿಸಿದರು. ಅವಳಿಗೆ ಕಾಫಿ ಇಷ್ಟವೋ ಚಹಾ ಇಷ್ಟವೋ ಗೊತ್ತಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಎಂದು ಗೊತ್ತು, ಅಲ್ಲಿ ಏನು ಮಾಡುತ್ತಾಳೆ ಗೊತ್ತಿಲ್ಲ. ಹಾಗೆ ಯೋಚಿಸುವಾಗಲೇ ತಮ್ಮ ಮೂಗಿನ ಮೇಲೆ ಕೂತದ್ದು ಫುಟ್‌ಪಾತಿನಲ್ಲಿ ಕೊಂಡ ಕನ್ನಡಕ ಎಂಬುದು ನೆನಪಾಯಿತು. ಮಗಳು ಕೆಲಸ ಮಾಡುವ ಅಂಗಡಿ ಊರಿಗೆಲ್ಲ ಕನ್ನಡಕ ಕೊಡುತ್ತದೆ, ಅಪ್ಪ ಬೀದಿಯಲ್ಲಿ ಆರಿಸಿ ಹಾಕಿಕೊಂಡಿದ್ದಾನೆ. ಇನ್ನು ಅವಳು ಬೇರೆ ಕಡೆ ಡ್ರೈವಿಂಗ್ ಕಲಿತಳು ಎಂದು ಯಾವ ಮುಖದಿಂದ ಕೊರಗುವುದು? ಮೇಷ್ಟ್ರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಗುಟ್ಟು ಬಯಲಾಯಿತು. ಒಂದೂವರೆ ಸಾವಿರ ಸಿಸಿ, ನೂರ ಮೂವತ್ತು ಕುದುರೆ, ಟರ್ಬೊ ಗಿರ್ಬೊ ಏನಿಲ್ಲ. ಜನ ಇಷ್ಟೇನಾ ಎಂದರು. ಲೆಕ್ಕ ನೋಡಿದರೆ ಮೇಷ್ಟ್ರೇ ಹತ್ತಿರ, ಮೇಷ್ಟ್ರೇ ಗೆದ್ದವರು. ಭಾನುವಾರ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಅದು ರಿಂಗಾಗಲಿಲ್ಲ. ಸೋತ ಬೇಸರವಿರಬಹುದು ಎಂದುಕೊಂಡರು. ಅದರ ಮುಂದಿನ ಭಾನುವಾರವೂ ರಿಂಗಾಗಲಿಲ್ಲ. ಸಂಜೆ ಫೋನ್ ಕೆಟ್ಟಿದೆಯೇನೋ ಎಂದು ಕೆಳಗೆ ಹೋಗಿ ಟೈರಿನವನಿಂದ ಒಂದು ಕರೆ ಮಾಡಿಸಿ ನೋಡಿದರು. ಫೋನ್ ಸರಿಯಾಗಿಯೇ ಇತ್ತು. ಅಷ್ಟು ಖಾಲಿ ಸಂಜೆಯನ್ನು ಅವರು ಹೆಂಡತಿ ಹೋದಾಗಲೂ ಕಂಡಿರಲಿಲ್ಲ.

ಕೊನೆಗೆ ತಾವೇ ಮಾಡಿದರು. ಇಷ್ಟು ದಿನ ಫೋನ್ ಮಾಡುತ್ತಿದ್ದವಳು ಅವಳೇ, ಇವರು ಎತ್ತುವುದಷ್ಟೇ. ಬೇರೆ ನೆಪ ಸಿಗದೆ, ಕಾರು ಶೋರೂಮಿಗೆ ಬಂದಿದೆಯಂತೆ, ನೋಡಿ ಬರೋಣವೇ ಎಂದು ಕೇಳಿದರು. ಬರ್ತೀನಿ, ಎಂದಳು ಅವಳು.

ಮೇಷ್ಟ್ರು ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ಮುಂಚೆಯೇ ಹೋಗಿ ನಿಂತಿದ್ದರು. ಕನ್ನಡಕವನ್ನು ತೆಗೆದು ಜೇಬಿನಲ್ಲಿ ಅಡಗಿಸಿದ್ದರು. ಶೋರೂಮಿನ ಸೇಲ್ಸ್‌ಮನ್ ಅವರ ಹಳೇ ಶಿಷ್ಯ, ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ಪಾಸಾದವನು. ಬನ್ನಿ ಮೇಷ್ಟ್ರೇ ಎಂದು ಬಾನೆಟ್ ತೆರೆದು ತೋರಿಸಿದ. ಕಾರು ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕುಳಿತಿತ್ತು. ಪಕ್ಕದ ಬೋರ್ಡಿನ ಅಕ್ಷರ ಕಾಣದೆ ಮೇಷ್ಟ್ರು ಮಗಳಿಗೆ ಓದು ಎಂದರು. ಅವಳು ಓದಿದಳು. ಎಳೆತದ ಬಲವಾದ ಟಾರ್ಕಿನ ಅಂಕಿಯನ್ನು ಪವರ್ ಎಂದು ಓದಿದಳು, ಪವರನ್ನು ಬಿಟ್ಟೇಬಿಟ್ಟಳು. ಅವಸರದಲ್ಲಿದ್ದಾಳೆ ಎಂದುಕೊಂಡರು ಅಂಕಿಗಳೆಲ್ಲ ಬಾಯಿಪಾಠವಾಗಿದ್ದ ಮೇಷ್ಟ್ರು. ಅವಸರ ಎಂದರೆ ಬೇಗ ಹೊರಟುಬಿಡುತ್ತಾಳೆ ಎಂದು ಮನಸ್ಸು ಸಣ್ಣದಾಯಿತು.

ಒಂದು ರೌಂಡ್ ಹೊಡೆದು ಬನ್ನಿ, ಎರಡೇ ಸೀಟಲ್ವಾ, ನಾನು ಬರೋಕಾಗಲ್ಲ, ನಿಮಗೆ ಕೊಡದೆ ಇನ್ಯಾರಿಗೆ ಕೊಡಲಿ, ಎಂದು ಶಿಷ್ಯ ಕೀ ಚಾಚಿದ. ಎರಡು ವರ್ಷ ಕನಸು ಕಂಡ ಕಾರು. ಮೇಷ್ಟ್ರು ಕೀ ತೆಗೆದುಕೊಂಡು, ಕಾರಿನ ಮುಂದಿನಿಂದ ಬಳಸಿ ಹೋಗಿ, ಬಾಗಿಲು ತೆರೆದು ಕುಳಿತರು. ಕುಳಿತಮೇಲೆ ನೋಡಿದರೆ ಮುಂದೆ ಸ್ಟೀರಿಂಗ್ ಇಲ್ಲ. ಕಾಲು ತನ್ನ ಪಾಡಿಗೆ ಪಕ್ಕದ ಸೀಟಿಗೇ ಕರೆದೊಯ್ದಿತ್ತು. ಶಿಷ್ಯ ಹೊಟ್ಟೆ ಹಿಡಿದು ನಕ್ಕ. ಮೇಷ್ಟ್ರು ಏಳಲು ಹೋದರು. ಅಷ್ಟರಲ್ಲಿ ಮಗಳು ಆಚೆ ಬಾಗಿಲಿಂದ ಹತ್ತಿ, ಇರಲಿ ಬಿಡಿ, ಎಂದು ಕೈ ಚಾಚಿ ಕೀ ಇಸಿದುಕೊಂಡಳು.

ಅವಳು ಚೆನ್ನಾಗಿಯೇ ಓಡಿಸಿದಳು. ಗೇರ್ ಬದಲಿಸಿದ್ದು ಗೊತ್ತೂ ಆಗಲಿಲ್ಲ. ಮೊಬೈಲ್ ನೋಡುತ್ತಿದ್ದವನು ಕಲಿಸಿದ್ದಲ್ಲ ಇದು, ತಾನಾಗಿ ಕಲಿತದ್ದು ಎಂದು ಮೇಷ್ಟ್ರ ಕಣ್ಣಿಗೆ ಗೊತ್ತಾಯಿತು. ತಿರುವಿನಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಅವಳ ಕಣ್ಣು ಒಂದು ಗಳಿಗೆ ಆ ಕಾಲಿನ ಮೇಲೆ ಹೋಗಿ ರಸ್ತೆಗೆ ಮರಳಿತು. ಮೇಷ್ಟ್ರು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದು ಸೀಟಿನ ಕೆಳಗೆ ಮಡಚಿಕೊಂಡರು. ಏನಾದರೂ ಮಾತಾಡಬೇಕು ಎನಿಸಿತು. ಬಾಯಿಗೆ ಬಂದದ್ದೆಲ್ಲ ಕನ್ನಡಿ ನೋಡು, ಸ್ಪೀಡ್ ಇಳಿಸು ಎಂಬ ಮಾತುಗಳೇ. ಅವನ್ನು ನುಂಗಿಕೊಂಡರು.

ಆಟದ ಮೈದಾನದ ಗೋಡೆಯ ಪಕ್ಕದಲ್ಲಿ ಅವಳು ಗಾಡಿ ನಿಲ್ಲಿಸಿದಳು. ಎಂಜಿನ್ ಆಫ್ ಮಾಡಲಿಲ್ಲ. ಸ್ಟೀರಿಂಗ್ ಹಿಡಿದೇ ಕೇಳಿದಳು:

"ಅಪ್ಪ, ನೂರ ಮೂವತ್ತು ಅಂದ್ರೆ ಜಾಸ್ತೀನಾ, ಕಮ್ಮೀನಾ?"

ಮೇಷ್ಟ್ರು ಇದು ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ. ಎರಡು ವರ್ಷ ಇನ್ನೂರು ಕುದುರೆಗೆ ಪಟ್ಟು ಹಿಡಿದವಳು ಕೇಳುವ ಪ್ರಶ್ನೆಯೇ ಇದು? ಏನಮ್ಮ, ನಿನಗೆ ಗೊತ್ತಿಲ್ಲವಾ ಎಂದರು.

"ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲಪ್ಪ. ಪ್ರತಿ ಭಾನುವಾರ ಫೋನ್ ಮಾಡೋಕೆ ಮುಂಚೆ ಕೂತು ಓದ್ಕೋತಿದ್ದೆ. ಓದಿದ್ದು ಅರ್ಥ ಆಗ್ತಾನೂ ಇರಲಿಲ್ಲ."

ಮತ್ತೆ ಎರಡು ಸಾವಿರ, ಎರಡು ಸಾವಿರ ಎಂದು ಅಷ್ಟು ಹಟ ಮಾಡಿದ್ದು?

"ಅವತ್ತು ಅತ್ತೆ ಮನೇಲಿ ನೀವು ಸಾವಿರದ ಆರುನೂರು ಅಂದ್ರಿ. ನಾನೂ ಹೌದು ಅಂದಿದ್ರೆ ಮಾತು ಅಲ್ಲೇ ಮುಗಿದು ಹೋಗ್ತಿತ್ತಲ್ಲ."

ಅವಳು ಮೆಲ್ಲಗೆ ಮುಂದುವರಿಸಿದಳು. ಎಂಜಿನ್ ಎಷ್ಟು ಎಂದು ಹೊರಬಿದ್ದ ಮೇಲೆ ಎರಡು ವಾರ ಬೇರೆ ಏನಾದರೂ ಸಿಗುತ್ತದಾ ಎಂದು ಹುಡುಕಿದಳಂತೆ, ಅಪ್ಪ ಒಂದು ಅಂದರೆ ತಾನು ಇನ್ನೊಂದು ಅನ್ನುವಂಥದ್ದು. ಏನೂ ಸಿಗಲಿಲ್ಲವಂತೆ. ಅದಕ್ಕೇ ಫೋನ್ ಮಾಡಲಿಲ್ಲವಂತೆ.

ಕುದುರೆ ಎಂದರೇನು, ನೂರ ಮೂವತ್ತು ಎಷ್ಟಕ್ಕೆ ಸಮ ಎಂದು ವಿವರಿಸಲು ಮೇಷ್ಟ್ರ ನಾಲಿಗೆ ಎದ್ದಿತ್ತು. ಅದನ್ನು ತಡೆದು, ಜೀವಮಾನದಲ್ಲಿ ಮೊದಲ ಸಲ, ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಮಗಳಿಗೆ ಕೇಳಿದರು.

"ಮನೇಲಿ ಯಾರ್ಯಾರಿದ್ದೀರಮ್ಮ ಈಗ?"

"ನಾನೊಬ್ಬಳೇ. ಅಮ್ಮ ಚಿಕ್ಕಮ್ಮನ ಊರಿಗೆ ಹೋಗಿ ಎರಡು ವರ್ಷ ಆಯ್ತು. ಅತ್ತೇನ ನೋಡೋಕೆ ಬಂದಿದ್ನಲ್ಲ, ಅದರ ಹಿಂದಿನ ವಾರ ಹೋಗಿದ್ದು." ಅವಳು ಗೇರಿನ ಗುಂಡನ್ನು ಹೆಬ್ಬೆರಳಿನಿಂದ ಒರೆಸಿದಳು. "ಅಂಗಡಿ ಇದ್ದ ದಿನ ಪರವಾಗಿಲ್ಲ. ಭಾನುವಾರ ಬಾಯಿ ಬಿಚ್ಚದೇ ಸಂಜೆ ಆಗಿಬಿಡುತ್ತೆ."

ಎರಡು ವರ್ಷದ ಭಾನುವಾರಗಳೆಲ್ಲ ಒಟ್ಟಿಗೆ ಬಂದು ಮೇಷ್ಟ್ರ ಎದೆಯ ಮೇಲೆ ಕುಳಿತವು. ಟರ್ಬೊ, ಸಿಲಿಂಡರು, ಪಾತ್ರೆ, ಉರಿ ಎಂದು ತಾವು ಗಂಟೆಗಟ್ಟಲೆ ಬಡಬಡಿಸಿದಾಗ ಆ ಕಡೆ ಖಾಲಿ ಮನೆಯಲ್ಲಿ ಒಬ್ಬಳೇ ಕುಳಿತು ಅವಳು ಹೂಂಗುಟ್ಟಿದ್ದಳು. ತಮ್ಮೊಬ್ಬರಿಗೇ ಇದೆ ಎಂದುಕೊಂಡಿದ್ದ ರೋಗ ಮಗಳಿಗೂ ಇತ್ತು. ಒಂದು ಸಲ, ಒಂದೇ ಒಂದು ಸಲ, ನೀನು ಹೇಗಿದ್ದೀಯ ಎಂದು ನಿಂತು ಕೇಳಿದ್ದರೆ ತಿಳಿಯುತ್ತಿತ್ತು. ಅವರಿಗೆ ಅಳು ಬಂತು. ಕನ್ನಡಕವಿಲ್ಲದ ಕಣ್ಣು, ಒರೆಸಿಕೊಳ್ಳುವುದು ಸುಲಭವಾಯಿತು.

ಅವಳ ಫೋನ್ ರಿಂಗಾಯಿತು. ಹೊರಡುವಾಗ ನಂಬರ್ ಬರೆದುಕೊಂಡಿದ್ದ ಶೋರೂಮಿನ ಶಿಷ್ಯ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾರೆ, ಬೇಗ ಬನ್ನಿ, ಎಂದನಂತೆ. ಅವಳು ಹೂಂ ಎಂದು ಫೋನ್ ಇಟ್ಟು ಗಾಡಿ ಹೊರಡಿಸಿದಳು. ಮೈದಾನದ ಗೋಡೆ ಮುಗಿಯಿತು, ಮುಂದೆ ರಸ್ತೆ ಕವಲಾಯಿತು. ಶೋರೂಮು ಎಡಕ್ಕೆ. ಅವಳು ಎಡಗಡೆಯ ಇಂಡಿಕೇಟರ್ ಹಾಕಿದಳು.

"ಎಡಕ್ಕೆ ಬೇಡ," ಎಂದರು ಮೇಷ್ಟ್ರು. "ನೇರ ಹೋಗು."

ನೇರ ಹೋದರೆ ಎಲ್ಲಿಗೆ ಎಂದು ಅವಳು ಕೇಳಿದಳು. ತಮಗೂ ಗೊತ್ತಿಲ್ಲ ಎಂದರು. ಅವಳು ಇಂಡಿಕೇಟರ್ ಆಫ್ ಮಾಡಿದಳು.